ವರ್ಕ್‌ಶಾಪ್, ಶಿಫ್ಟ್ ಗಾಡಿ ಕ್ಲೀನ್ ಮಾಡುವುದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಪೀಣ್ಯದಿಂದ, ಜೂನ್ 2021

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಮಷಿನ್ ಶಾಪ್. ಕೊರೊನಾ ಲಾಕ್‌ಡೌನ್ ಸಡಿಲವಾಗಿದೆ, ಈ ವಾರ ಮತ್ತೆ ಕೆಲಸ ಶುರು. ಎರಡು ಶಿಫ್ಟ್‌ನವರೂ ಅದೇ ಲೇತ್, ಅದೇ ಡ್ರಿಲ್ಲಿಂಗ್ ಮಷಿನ್ ಮುಟ್ಟುತ್ತಾರೆ. ಕರೆತರಲು ಇರುವುದು ಒಂದೇ ಟಿಟಿ (ಟೆಂಪೊ ಟ್ರಾವೆಲರ್). ದಿನಾ ಬಂದು ಒಳಗೆಲ್ಲ ಹೊಗೆ ಬಿಟ್ಟು ಔಷಧಿ ಹೊಡೆದು ಹೋಗುತ್ತೇವೆ, ತಿಂಗಳಿಗೆ ಇಷ್ಟು ಕೊಡಿ ಎಂದು ಒಬ್ಬರು ಕೇಳುತ್ತಿದ್ದಾರೆ. ಅದು ಬೇಕಾ? ನಾವೇ ಮಾಡಿಕೊಂಡರೆ ಯಾವ ಔಷಧಿ, ಎಷ್ಟು ನೀರಿಗೆ? ಅದರಿಂದ ಮಷಿನ್ ತುಕ್ಕು ಹಿಡಿಯುತ್ತದೆ ಎಂದು ಹುಡುಗರು ಹೇಳುತ್ತಿದ್ದಾರೆ, ನಿಜವಾ?

ಟೂಲ್‌ರೂಂ ಸೂಪರ್‌ವೈಸರ್, ಬೊಮ್ಮಸಂದ್ರ

ಸರ್, ಹುಡುಗರ ಮಾತು ನಿಜ. ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ, ನಾವು ಹೈಪೋ ಅನ್ನುವುದು) ಬಿದ್ದ ಕಬ್ಬಿಣ ಕೆಂಪಗಾಗುತ್ತದೆ. ಲೇತ್ ಬೆಡ್ ಹತ್ತಿರ ಅದನ್ನು ಬಿಡಲೇಬೇಡಿ. ಲೋಹದ ಜಾಗಗಳಿಗೆ 70% ಆಲ್ಕೋಹಾಲ್ ಬಳಸಿ ಎಂದು ಕೇಂದ್ರ ಆರೋಗ್ಯ ಸಚಿವಾಲಯವೇ 2020ರ ಮಾರ್ಚ್‌ನಲ್ಲಿ ಹೇಳಿದೆ.

ನಮ್ಮಲ್ಲಿ ನಡೆಯುವ ಪದ್ಧತಿ ಹೇಳುತ್ತೇನೆ. ಶಿಫ್ಟ್ ಮುಗಿಸುವವನೇ ತಾನು ಮುಟ್ಟಿದ್ದನ್ನು ಒರೆಸಿ ಹೋಗಬೇಕು. ಮುಟ್ಟುವುದು ಅಂದರೆ ಇಡೀ ಮಷಿನ್ ಅಲ್ಲ. ಚಕ್ ಕೀ, ಹ್ಯಾಂಡ್‌ವೀಲ್‌ಗಳು, ಆನ್-ಆಫ್ ಬಟನ್, ಟೇಲ್‌ಸ್ಟಾಕ್ ಲಿವರ್, ಅಷ್ಟೇ. ಮೊದಲು ಒಣ ಬಟ್ಟೆಯಿಂದ ಎಣ್ಣೆ, ಜಿಡ್ಡು ತೆಗೆಯಬೇಕು. ಜಿಡ್ಡಿನ ಮೇಲೆ ಯಾವ ಔಷಧಿ ಹಾಕಿದರೂ ಸುಮ್ನೆ ದಂಡ. ಆಮೇಲೆ ಸ್ಪಿರಿಟ್, ಅಂದರೆ ಆ 70% ಆಲ್ಕೋಹಾಲ್ ಅನ್ನು ಬಟ್ಟೆಗೆ ಹಾಕಿಕೊಂಡು ಒರೆಸುವುದು. ಬಟನ್‌ಗಳ ಮೇಲೆ ನೇರ ಸ್ಪ್ರೇ ಮಾಡಬೇಡಿ, ಪ್ಯಾನಲ್ ಒಳಗೆ ಇಳಿಯುತ್ತದೆ. ವರ್ನಿಯರ್, ಮೈಕ್ರೋಮೀಟರ್ ಕೈಯಿಂದ ಕೈಗೆ ಹೋಗುವ ಸಾಮಾನು. ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಒಂದು ಹನಿ ಎಣ್ಣೆ ಸವರಿ ಡಬ್ಬಿಗೆ ಹಾಕಿ. ಇಲ್ಲದಿದ್ದರೆ ನಮ್ಮ ಬೆಂಗಳೂರಿನ ಮಳೆಗಾಲದಲ್ಲಿ ವಾರದೊಳಗೆ ಚುಕ್ಕೆ ಬೀಳುತ್ತದೆ.

ಒಂದು ಎಚ್ಚರಿಕೆ. ಗ್ರೈಂಡಿಂಗ್, ವೆಲ್ಡಿಂಗ್ ನಡೆಯುವ ಕಡೆ ಸ್ಪಿರಿಟ್ ಬಾಟಲಿ ಇಡಬೇಡಿ. ಆ ಬಟ್ಟೆಯನ್ನೂ ಬಿಡಬೇಡಿ. ಕಿಡಿ ಹಾರಿದರೆ ಹತ್ತಿಕೊಳ್ಳುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡವನು ಅದು ಪೂರ್ತಿ ಆರುವ ತನಕ ವೆಲ್ಡಿಂಗ್ ಟಾರ್ಚ್ ಹಿಡಿಯಬಾರದು. ಎಣ್ಣೆ ಕೈಗೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸವನ್ನೂ ಮಾಡುವುದಿಲ್ಲ. ಬಾಗಿಲ ಹತ್ತಿರ ಒಂದು ನಲ್ಲಿ, ಸೋಪು ಇಡಿಸಿ ಸರ್. ಮೊದಲು ದುಡ್ಡು ಹಾಕಬೇಕಾದದ್ದು ಅಲ್ಲಿ.

ಹೌಸ್‌ಕೀಪಿಂಗ್ ಸೂಪರ್‌ವೈಸರ್, ಮೈಸೂರು

ಹೊಗೆ ಬಿಡುವವರಿಗೆ ದುಡ್ಡು ಕೊಡಬೇಡಿ ಸರ್. ಒಳಾಂಗಣದಲ್ಲಿ ದಿನಾ ಸಿಂಪಡಿಸುವುದು, ಫಾಗಿಂಗ್ ಮಾಡುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿದೆ. ಸಿಂಪಡಿಸಿದ್ದು ಮೇಜಿನ ಅಡಿಗೆ, ಹಿಡಿಯ ಹಿಂಭಾಗಕ್ಕೆ ತಾಗುವುದೇ ಇಲ್ಲ. ತಾಗುವುದು ಅಲ್ಲಿರುವವರ ಕಣ್ಣಿಗೆ, ಗಂಟಲಿಗೆ. ಜನರ ಮೈಮೇಲೆ ಹೊಡೆಯುವುದಂತೂ ಪೂರ್ತಿ ತಪ್ಪು. ಕೈಯಲ್ಲಿ ಬಟ್ಟೆ ಹಿಡಿದು ಒರೆಸುವುದಕ್ಕೆ ಸಮನಾದದ್ದು ಇಲ್ಲ.

ಅಳತೆ ಕೇಳಿದ್ದೀರಿ. ಮೊದಲು ಹೈಪೋಕ್ಲೋರೈಟ್ ಕ್ಯಾನ್ ಮೇಲೆ ಶೇಕಡಾ ಎಷ್ಟು ಎಂದು ಓದಿ. 5% ಇದ್ದರೆ ಒಂದು ಪಾಲು ಔಷಧಿಗೆ ನಾಲ್ಕು ಪಾಲು ನೀರು, ಆಗ 1% ಆಗುತ್ತದೆ. ನಮ್ಮ ಸಚಿವಾಲಯ ಹೇಳುವುದು ಇದನ್ನೇ. ಟಾಯ್ಲೆಟ್, ನೆಲ, ಗ್ರಾನೈಟ್ ಕಟ್ಟೆಗೆ ಇದು ಸಾಕು. ಹತ್ತು ನಿಮಿಷ ಒದ್ದೆಯಾಗಿರಲಿ, ಆಮೇಲೆ ನೀರಲ್ಲಿ ಒರೆಸಿ. ಕ್ಯಾನ್ 10% ಇದ್ದರೆ ಒಂದಕ್ಕೆ ಒಂಬತ್ತು. ಆಯಾ ದಿನದ್ದು ಆಯಾ ದಿನವೇ ಕಲಸಿ. ಬಿಸಿಲು ತಾಗಿದರೆ, ನಿನ್ನೆಯದಾದರೆ ಬಲ ಕಡಿಮೆಯಾಗುತ್ತದೆ.

ಇನ್ನೊಂದು ಮಾತು, ದಯವಿಟ್ಟು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ಇದರ ಜೊತೆ ಟಾಯ್ಲೆಟ್ ಆಸಿಡ್ ಬೆರೆಸಬಾರದು. ಜಾಸ್ತಿ ಸ್ವಚ್ಛವಾಗಲಿ ಎಂದು ಎರಡನ್ನೂ ಒಂದೇ ಬಕೆಟ್‌ಗೆ ಸುರಿಯುವವರಿದ್ದಾರೆ. ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಟಾಯ್ಲೆಟ್‌ನಲ್ಲಿ ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯ. ತಳ್ಳುಗಾಡಿಯವರ ಹತ್ತಿರ ತಂದ, ಲೇಬಲ್ ಇಲ್ಲದ ಬಾಟಲಿಗಳನ್ನು ಬಳಸಲೇಬೇಡಿ. ಒಳಗೆ ಏನಿದೆಯೋ ಗೊತ್ತಾಗುವುದಿಲ್ಲ, ಅಲ್ವಾ?

ಒರೆಸುವ ಅಕ್ಕಂದಿರಿಗೆ ದಪ್ಪ ರಬ್ಬರ್ ಗ್ಲೌಸ್ ಕೊಡಿ. ಡಾಕ್ಟರ್ ಹಾಕುವ ತೆಳ್ಳನೆಯವು ಹೈಪೋ ಕೆಲಸಕ್ಕೆ ಬಾಳುವುದಿಲ್ಲ. ಕಲಸುವಾಗ ಕನ್ನಡಕ, ಮಾಸ್ಕ್ ಇರಲಿ, ಕಿಟಕಿ ತೆಗೆದಿರಲಿ. ಟಾಯ್ಲೆಟ್ ಬಟ್ಟೆ ಬೇರೆ, ಮೇಜಿನ ಬಟ್ಟೆ ಬೇರೆ ಬಣ್ಣದ್ದು. ಇಡೀ ಕಂಪನಿ ಅವರ ಕೈ ನಂಬಿಕೊಂಡಿದೆ. ಅವರಿಗೇ ಕೊನೆಗೆ ಗ್ಲೌಸ್ ಸಿಗುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಕ್ಯಾಬ್ ಚಾಲಕ, ಬೆಂಗಳೂರು

ಗಾಡಿ ವಿಷಯ ನಾನು ಹೇಳುತ್ತೇನೆ ಅಣ್ಣ. ಎಲ್ಲರೂ ಸೀಟು ಒರೆಸುತ್ತಾರೆ, ಗಾಳಿ ಬಗ್ಗೆ ಯಾರೂ ಕೇಳುವುದಿಲ್ಲ. ಮುಟ್ಟಿದ ಜಾಗದಿಂದ ಸೋಂಕು ಬರುವ ಸಾಧ್ಯತೆ ಸಾಮಾನ್ಯವಾಗಿ ತುಂಬಾ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಈ ಏಪ್ರಿಲ್‌ನಲ್ಲಿ ಹೇಳಿದೆ. ನಮ್ಮ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೂ ಮೇ ತಿಂಗಳ ಸಲಹೆಯಲ್ಲಿ ಗಾಳಿಯಾಟಕ್ಕೆ ಒತ್ತು ಕೊಟ್ಟಿದೆ. ಗಾಜು ಏರಿಸಿ, ಏಸಿ ಹಾಕಿ, ಪಕ್ಕಪಕ್ಕ ಕೂತು ಮಾತಾಡುತ್ತಾ ಪೀಣ್ಯ ತಲುಪಿದರೆ ಸೀಟು ಎಷ್ಟು ಹೊಳೆದರೂ ಉಪಯೋಗವಿಲ್ಲ.

ನಾಲ್ಕೂ ಗಾಜು ಇಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕಾರಿನಲ್ಲಿ ಒಬ್ಬರೇ ಪ್ಯಾಸೆಂಜರ್ ಹಿಂದೆ ಎಡಗಡೆ ಕೂತಿದ್ದಾರೆ, ಎರಡೇ ಗಾಜು ಇಳಿಸಲು ಸಾಧ್ಯ ಅಂತಿಟ್ಟುಕೊಳ್ಳಿ. ಆಗ ಮುಂದಿನ ಎಡದ್ದು, ಹಿಂದಿನ ಬಲದ್ದು ಇಳಿಸಿ. ಅವರವರ ಪಕ್ಕದ ಗಾಜಿಗಿಂತ ಈ ಎದುರು ಗಾಜುಗಳೇ ವಾಸಿ. ಬ್ರೌನ್ ವಿಶ್ವವಿದ್ಯಾಲಯದವರು ಕಾರಿನೊಳಗೆ ಗಾಳಿ ಹೇಗೆ ಓಡುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಕಂಡುಕೊಂಡದ್ದು ಇದು. ಟಿಟಿಯಲ್ಲಿ ಮುಂದಿನ ಕಿಟಕಿಗಳ ಜೊತೆ ಕೊನೇ ಸಾಲಿನ ಕಿಟಕಿಗಳನ್ನೂ ತೆಗೆಸಿ. ಮಳೆ ಬಂದರೆ ಎರಡು ಬೆರಳಷ್ಟಾದರೂ ಬಿಡಿ, ಬ್ಲೋವರ್ ಹೊರಗಿನ ಗಾಳಿ ಎಳೆಯುವ ಕಡೆ ಇರಲಿ.

ಒರೆಸುವುದು ಟ್ರಿಪ್ ನಡುವೆ. ಬಾಗಿಲ ಹಿಡಿ ಒಳಗೂ ಹೊರಗೂ, ಹತ್ತುವಾಗ ಹಿಡಿಯುವ ರಾಡು, ಮುಂದಿನ ಸೀಟಿನ ಬೆನ್ನು, ಸೀಟ್ ಬೆಲ್ಟ್ ಬಕಲ್. ಡ್ರೈವರ್ ಬದಲಾದರೆ ಸ್ಟೇರಿಂಗ್, ಗೇರ್ ಗುಂಡು, ಹ್ಯಾಂಡ್‌ಬ್ರೇಕ್, ಕೀ. ರೆಗ್ಸಿನ್ ಸೀಟಿಗೆ ಸೋಪು ನೀರಿನ ಬಟ್ಟೆ ಸಾಕು. ಹೈಪೋ ಹಾಕಿದರೆ ಬಣ್ಣ ಹೋಗುತ್ತದೆ, ಬಟ್ಟೆಗೂ ಹತ್ತುತ್ತದೆ. ಸ್ಯಾನಿಟೈಸರ್ ಕ್ಯಾನನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಹೊಗೆಯವರಿಗೆ ಬೇಡ ಎಂದು ಹೇಳಿದೆ. ಇನ್ನೊಂದು ಪ್ರಶ್ನೆ. ಒಬ್ಬರಿಗೆ ಪಾಸಿಟಿವ್ ಬಂದರೆ ಶಾಪ್ ಮುಚ್ಚಬೇಕಾ? ಗಾಡಿ ಏನು ಮಾಡುವುದು?

ಹೌಸ್‌ಕೀಪಿಂಗ್ ಸೂಪರ್‌ವೈಸರ್, ಮೈಸೂರು

ಒಂದೆರಡು ಕೇಸ್ ಆದರೆ ಎಲ್ಲ ಮುಚ್ಚಬೇಕಿಲ್ಲ. ಹಿಂದಿನ 48 ಗಂಟೆಯಲ್ಲಿ ಅವರು ಓಡಾಡಿದ ಜಾಗವನ್ನು ಔಷಧಿ ಹಾಕಿ ಒರೆಸಿ ಎಂದೇ ಸಚಿವಾಲಯದ ನಿಯಮ ಇರುವುದು. ಗಾಡಿಯನ್ನು ಕಿಟಕಿ, ಬಾಗಿಲು ತೆಗೆದು ಕೆಲವು ಗಂಟೆ ಬಯಲಲ್ಲಿ ನಿಲ್ಲಿಸಿ, ಆಮೇಲೆ ಒಳಗೆ ಹೋಗಿ. ಬಟ್ಟೆ ಸೀಟ್ ಕವರ್ ಬಿಚ್ಚಿ ಬಿಸಿನೀರು, ಸೋಪಿನಲ್ಲಿ ಒಗೆಸಿ. ಊಟದ ಜಾಗವನ್ನು ಮರೆಯಬೇಡಿ, ಎಲ್ಲರೂ ಮಾಸ್ಕ್ ತೆಗೆದು ಎದುರುಬದುರು ಕೂರುವುದು ಅಲ್ಲೇ. ಸರದಿ ಮೇಲೆ ಹೊರಗೆ ಕೂರಿಸಿ.

ಟೂಲ್‌ರೂಂ ಸೂಪರ್‌ವೈಸರ್, ಬೊಮ್ಮಸಂದ್ರ

ಜ್ವರ ಬಂದವನ ಸಂಬಳ ಕಟ್ ಆಗುತ್ತದೆ ಅಂದರೆ ಅವನು ಮಾತ್ರೆ ನುಂಗಿಕೊಂಡು ಟಿಟಿ ಹತ್ತುತ್ತಾನೆ. ಆಮೇಲೆ ಎಷ್ಟು ಒರೆಸಿದರೇನು? ನಿಮ್ಮವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದು, ವಂತಿಗೆ ಸರಿಯಾಗಿ ಕಟ್ಟಿದ್ದರೆ ಕಾಯಿಲೆ ರಜೆಗೆ ಕೂಲಿಯ 70% ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಉಳಿದ 30% ನೀವು ಸೇರಿಸಿ ಕೊಡಿ ಸರ್. ಶುರು ಮಾಡುವ ದಿನವೇ ಎಲ್ಲರನ್ನೂ ನಿಲ್ಲಿಸಿ ಇದನ್ನು ಹೇಳಿಬಿಡಿ, ಕಾಂಟ್ರಾಕ್ಟ್ ಹುಡುಗರನ್ನೂ ಸೇರಿಸಿಕೊಂಡು.