ಹಳೆ ಕರಿ ಮಷಿನ್‌ಗೆ ಕಾಲು ಇಂಚಿನ ಫೂಟ್: ಪಟ್ಟಿ ಇದ್ದದ್ದೋ, ಇಲ್ಲದ್ದೋ?

ಕೌದಿಮನಿ, ಧಾರವಾಡ

ಉಷಾ ಕರಿ ಮಷಿನ್, ಕಾಲಿಲೆ ತುಳಿಯೋದು. ಸೀದಾ ಹೊಲಿಗಿ ಒಂದ ಬರ್ತೈತಿ, ಝಿಗ್‌ಝ್ಯಾಗ್ ಇಲ್ಲ. ಕೌದಿ ಮ್ಯಾಲಿನ ಪದರಕ್ಕ ಒಂಬತ್ತು ತುಂಡಿನ ಚೌಕ ಜೋಡಿಸಾಕತ್ತೀನಿ. ತುಂಡು 3½ ಇಂಚಿನವು, ಕಾಲು ಇಂಚಿಗೆ ಹೊಲಿದ್ರ ಚೌಕ 9½ ಬರಬೇಕು. ಬರೋದು 9¼. ಅರಿವಿ ಒತ್ತಿ ಹಿಡಿಯೋ ಫೂಟಿನ ಬಲ ಅಂಚಿಗೆ ಅರಿವಿ ಅಂಚು ಕೂಡಿಸೇ ಹೊಲಿತೀನಿ.

ಕಾಲು ಇಂಚಿನ ಫೂಟ್ ಎರಡು ಥರದ್ದು ಸಿಗತಾವ. ಒಂದಕ್ಕ ಬಲಗಡೆ ಸಣ್ಣ ತಗಡಿನ ಪಟ್ಟಿ ಕೆಳಗ ಇಳಿದಿರತೈತಿ, ಇನ್ನೊಂದಕ್ಕ ಇಲ್ಲ. ಹಳೆ ಮಷಿನ್‌ಗೆ ಯಾವುದು ಛಲೋ? ಅರಿವಿ ಕಾಟನ್, ನಡುನಡುವ ಖಣದ ತುಂಡು ಅದಾವ.

ಎರಡು ಸೂತ, ಹುಬ್ಬಳ್ಳಿ

ಅಕ್ಕಾರ, ಮೊದಲ ಲೆಕ್ಕ ನೋಡ್ರಿ. ಒಂದು ಸಾಲಿಗೆ 3 ತುಂಡು, 2 ಹೊಲಿಗಿ, ಅಂದ್ರ 4 ಅಂಚು ಒಳಗ ಹೋಗತಾವ. ಒಟ್ಟು ಕಾಲು ಇಂಚು ಕಮ್ಮಿ ಬಂದೈತಿ ಅಂದ್ರ ಪ್ರತಿ ಅಂಚಿಗೆ 1/16 ಇಂಚು, ಅರ್ಧ ಸೂತ, ಹೆಚ್ಚಿಗಿ ತಿನ್ನಾಕತ್ತೈತಿ. ಅರ್ಧ ಸೂತ ಏನ್ ಮಹಾ ಅನ್ನಬ್ಯಾಡ್ರಿ. ಇಂಥ 8 ಚೌಕ ಸಾಲಾಗಿ ಜೋಡಿಸಿದ್ರ 72½ ಬರಬೇಕಾದ್ದು 69½ರ ಆಸುಪಾಸು ನಿಂದ್ರತೈತಿ. ಮಗ್ಗಲಿನ ಪಟ್ಟಿ 72½ಕ್ಕ ಕತ್ತರಿಸಿ ಇಟ್ಟಿದ್ರ ಅದು ನಿರಿಗಿ ಬೀಳತೈತಿ.

ಫೂಟಿನ ಅಂಚು ಅಂದ್ರ ಕಾಲು ಇಂಚು ಅಂತ ಯಾರೂ ಬರದು ಕೊಟ್ಟಿಲ್ಲ. ಮಷಿನ್ ಸಂಗಡ ಬಂದ ಫೂಟ್ ಒಂದೊಂದು ಒಂದೊಂದು ಅಗಲ ಇರತೈತಿ. ಮಿಲಿಮೀಟರ್ ಗೆರಿ ಇದ್ದ ಗ್ರಾಫ್ ಹಾಳಿ ತಗೊಂಡು, ದಾರ ತಗದು, ಹಾಳಿ ಅಂಚನ್ನ ಫೂಟಿನ ಅಂಚಿಗೆ ಹಿಡಿದು ನಾಕು ಬೆರಳಿನಷ್ಟು ಹೊಲೀರಿ. ತೂತಿನ ಸಾಲಿನಿಂದ ಅಂಚಿಗೆ 6 ಮಿ.ಮೀ. ಚಿಲ್ಲರ ಇರಬೇಕು. ಪೂರಾ ಕಾಲು ಇಂಚು ಅಂದ್ರ 6.35. ಆದರ ಇಸ್ತ್ರಿ ಮಾಡಿ ಮಡಚಿದಾಗ ಮಡಿಕಿ ದಪ್ಪಕ್ಕ ಒಂದೆರಡು ಎಳಿ ಹೋಗತಾವ, ಅದಕ್ಕ ಅಷ್ಟು ಕಮ್ಮಿ ಇಟ್ಟು ಹೊಲಿಯೋದು. ನಿಮ್ಮದು 8ರ ಹತ್ತಿರ ಬರತೈತಿ ಅಂತ ನನ್ನ ಅಂದಾಜು.

ಕೊಳ್ಳೂ ಮೊದಲ ಫೂಟಿನ ಕಾಲ ಎತ್ತರ ನೋಡ್ರಿ. ಫೂಟ್ ಕೆಳಗ ಇಳಿಸಿ, ಮಷಿನ್ ಹಾಸಿನಿಂದ ಫೂಟ್ ಕಟ್ಟೂ ಸ್ಕ್ರೂ ನಡುಮಟ್ಟ ಅಳೀರಿ. ಮುಕ್ಕಾಲು ಇಂಚು ಬಂದ್ರ ಲೋ ಶ್ಯಾಂಕ್, ಅಂದ್ರ ಗಿಡ್ಡ ಕಾಲಿಂದು. ಉಷಾ ಕರಿ ಮಷಿನ್, ಸಿಂಗರ್ 15 ನಮೂನಿ ಎಲ್ಲಾ ಇದ. ಸಿಂಗರ್ 301, 401 ಇದ್ದವರು ಇದನ್ನ ತರಬ್ಯಾಡ್ರಿ, ಅವು ಓರೆ ಕಾಲಿನವು. ಹಳೆ 66ರಾಗ ಕೆಲವಕ್ಕ ಸ್ಕ್ರೂ ಹಿಂದಿನಿಂದ ಬರತೈತಿ, ಅದಕ್ಕೂ ಕೂಡೂದಿಲ್ಲ.

ನನ್ನ ಓಟು ಪಟ್ಟಿ ಇಲ್ಲದ್ದಕ್ಕ. ಪಟ್ಟಿ ಫೂಟಿಗೇ ಗಟ್ಟಿ ಕೂಡಿರತೈತಿ, ಸರಿಸಾಕ ಬರೂದಿಲ್ಲ. ನಿಮ್ಮ ಸೂಜಿ ಒಂದೆರಡು ಎಳಿ ಎಡಕ್ಕ ಬಿದ್ರ ಆ ತಪ್ಪು ಪ್ರತಿ ಹೊಲಿಗಿಗೂ ಕಾಯಂ. ಪಟ್ಟಿ ತುಸು ಉದ್ದ ಇದ್ರ ಸೂಜಿ ಇಳಿಯೂ ಪ್ಲೇಟಿಗೆ ತಾಗಿ ಫೂಟನ್ನ ಅರಿವಿ ಎಳಿಯೂ ಹಲ್ಲಿನ ಮ್ಯಾಲ ಪೂರಾ ಕೂಡಗೊಡೂದಿಲ್ಲ, ಗಿಡ್ಡ ಇದ್ರ ತೆಳು ಅರಿವಿ ಅದರ ತಳಗ ನುಸುಳತೈತಿ. ತ್ರಿಕೋನ ಮಾಡಾಕ ಚೌಕದ ನಡುವ ಓರೆ ಗೆರಿ ಎಳದು ಹೊಲಿಯೂ ಮುಂದ ಅಂತೂ ಅದು ಬರೇ ಅಡ್ಡ. ಯಾವ ಹೊಸ ಫೂಟ್ ಕಟ್ಟಿದ್ರೂ ಮೊದಲ ಗಾಲಿ ಕೈಲೆ ತಿರುವಿ, ಸೂಜಿ ಫೂಟಿನ ತೂತಿನ ನಡುವ ಇಳಿತೈತೋ ಇಲ್ಲೋ ನೋಡಿ ತುಳೀರಿ.

ಬೆಟಗೇರಿ ಮಷಿನ್ ರಿಪೇರಿ

ಫೂಟ್ ಆಮ್ಯಾಲ ತರೂಣು. ಇದ್ದ ಫೂಟ್ ಸೊಟ್ಟ ನಿಂತಿದ್ರ ಹೊಸದೂ ಸೊಟ್ಟ ನಿಂದ್ರತೈತಿ, ಅರಿವಿ ಒಂದ ಕಡಿ ಎಳಕೊಂಡು ಹೋಗತೈತಿ. ಮುಂದ ಕುಂತು ನೋಡ್ರಿ: ಫೂಟಿನ ಎರಡೂ ಬೆರಳು ಪ್ಲೇಟಿನ ಹಲ್ಲಿನ ಸಂದಿಗೆ ಸರಿಸಮ ಇರಬೇಕು.

ಇಲ್ಲಂದ್ರ ಮ್ಯಾಲಿನ ಪ್ರೆಶರ್ ತಿರುಪು ಪೂರಾ ಸಡ್ಲ ಮಾಡ್ರಿ. ಗಾಲಿ ತಿರುವಿ ಹಲ್ಲು ಪ್ಲೇಟಿನ ತಳಗ ಇಳಿಸಿ, ಫೂಟ್ ಇಳಿಸಿ ಪ್ಲೇಟ್ ಮ್ಯಾಲ ಸಪಾಟ ಕೂಡಿಸ್ರಿ. ಎಡಗಡೆ ಮುಚ್ಚಳ ಬಿಚ್ಚಿದ್ರ ಫೂಟಿನ ದಂಡಿ ಹಿಡಕೊಂಡ ಒಂದು ಸ್ಕ್ರೂ ಕಾಣತೈತಿ. ಅದನ್ನ ಅರ್ಧ ಸುತ್ತು ಅಷ್ಟ ಸಡ್ಲಿಸಿ, ದಂಡಿ ತಿರುವಿ ಫೂಟ್ ಸೀದಾ ಮಾಡಿ, ಮತ್ತ ಬಿಗೀರಿ. ಪ್ರೆಶರ್ ಸಡ್ಲ ಮಾಡದ ಈ ಸ್ಕ್ರೂ ಬಿಚ್ಚಿದ್ರ ಸ್ಪ್ರಿಂಗ್ ದಂಡಿನ ಕೆಳಗ ತಳ್ಳತೈತಿ. ಆಗ ಫೂಟ್ ಎತ್ತಿದ್ರೂ ಅರಿವಿ ಒಳಗ ಹೋಗೂದಿಲ್ಲ. ಎತ್ತಿದಾಗ ತಳಗ ಎರಡು ಸೂತ ಜಾಗ ಇದ್ರ ಸರಿ.

ಇನ್ನ ಪ್ರೆಶರ್. ಒಂದ ಅಳತಿ 12 ಇಂಚಿನ ಎರಡು ಪಟ್ಟಿ, ಟಾಚಣಿ ಹಾಕದ, ಕೈಲೆ ಎಳೀದ ಹೊಲೀರಿ. ಕಡೀಕ ಮ್ಯಾಲಿನ ಪಟ್ಟಿ ಒಂದು ಸೂತಕ್ಕಿಂತ ಹೆಚ್ಚು ಉಳೀತು ಅಂದ್ರ ಪ್ರೆಶರ್ ಭಾಳ ಆಗೈತಿ. ಹಲ್ಲು ತಳದ ಅರಿವಿ ಎಳಕೊಂಡು ಹೋಗತೈತಿ, ಫೂಟ್ ಮ್ಯಾಲಿಂದನ್ನ ತಡದು ಹಿಡೀತೈತಿ. ತಿರುಪು ಅರ್ಧರ್ಧ ಸುತ್ತು ಸಡ್ಲಿಸಿ ಮತ್ತ ನೋಡ್ರಿ. ಜೀನ್ಸ್ ಹೊಲಿದ ಮಷಿನ್ ಆದ್ರ ಇದು ಬಿಗಿ ಇದ್ದ ಇರತೈತಿ. ಅತಿ ಸಡ್ಲ ಆದ್ರ ಫೂಟ್ ಕುಣಿದು ಹೊಲಿಗಿ ಸಣ್ಣದು ದೊಡ್ಡದು ಬೀಳತೈತಿ, ಅಲ್ಲಿಂದ ತುಸು ಹಿಂದಕ್ಕ ಬರ್ರಿ.

ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ಹಲ್ಲಿನ ಸಂದ್ಯಾಗ ಗಟ್ಟಿ ಕುಂತ ನೂಲಿನ ಧೂಳು ತಗೀರಿ. ಸೂಜಿ 11 ಇಲ್ಲಾ 14 ನಂಬರ್, ಒಂದು ಬದಿ ಚಪ್ಪಟಿ ಇದ್ದ ಮನಿ ಮಷಿನ್ ಸೂಜಿ. ಗಾಜಿನ ಮ್ಯಾಲ ಉರುಳಿಸಿ ನೋಡ್ರಿ, ಡೊಂಕಿದ್ರ ಒಗೀರಿ. ಡೊಂಕ ಸೂಜಿ ಒಂದ ಸಾಕು, ಅರ್ಧ ಸೂತ ಹೋಗಾಕ.

ಹಾವೇರಿ ಹೊಲಿಗೆ

ಫೂಟ್ ಕೊಳ್ಳದೆಯೂ ಕೆಲಸ ಆಗುತ್ತದೆ. ಕರಿ ಮಷಿನ್‌ಗಳ ಹಾಸಿನ ಮೇಲೆ, ಸೂಜಿಯ ಬಲಕ್ಕೆ ತಿರುಪು ಕೂಡುವ ಎರಡು ತೂತುಗಳಿರುತ್ತವೆ. ಧೂಳು-ಎಣ್ಣೆ ತುಂಬಿ ಮುಚ್ಚಿಹೋಗಿರಬಹುದು, ಸೂಜಿಯಿಂದ ಕೆದಕಿ. ಅವು ಬಟ್ಟೆ ಗೈಡ್‌ಗಾಗಿಯೇ (ಬಟ್ಟೆಯ ಅಂಚು ತಾಗಿಸಿ ಹೊಲಿಯುವ ಆಸರೆಗಾಗಿ) ಇರುವವು. ಗ್ರಾಫ್ ಹಾಳೆಯನ್ನು ಕಾಲು ಇಂಚಿನ ಗೆರೆಗೆ ಒಂದು ಎಳೆ ಕಡಿಮೆ ಇಟ್ಟು, ಸೂಜಿಯನ್ನು ಅದರಲ್ಲಿ ಇಳಿಸಿ, ಫೂಟ್ ಇಳಿಸಿ, ಹಾಳೆಯ ಅಂಚಿಗೆ ಗೈಡ್ ತಾಗಿಸಿ ತಿರುಪು ಬಿಗಿಯಿರಿ. ಬಿಗಿಯುವಾಗ ಗೈಡ್ ತಿರುಪಿನ ಜೊತೆ ತಿರುಗುತ್ತದೆ, ಬೆರಳಿನಿಂದ ಒತ್ತಿ ಹಿಡಿಯಬೇಕು. ಗೈಡ್‌ನ ಮುಖ ಸೂಜಿಗಿಂತ ಹಿಂದಕ್ಕೆ ಹೋಗದಿರಲಿ, ಹೋದರೆ ಹೊಲಿದ ಬಟ್ಟೆ ಅದಕ್ಕೆ ಒತ್ತಿ ತಿರುಗುತ್ತದೆ.

ಮ್ಯಾಗ್ನೆಟ್ ಗೈಡ್ ಬೀಡುಕಬ್ಬಿಣದ ಹಾಸಿಗೆ ಅಂಟುತ್ತದೆ. ಸಿಂಗರ್ 221 ಪುಟ್ಟ ಮಷಿನ್ ಅಲ್ಯೂಮಿನಿಯಂ, ಅದಕ್ಕೆ ಅಂಟುವುದಿಲ್ಲ.

ಯಾವುದನ್ನು ಕೂಡಿಸಿದರೂ ಪರೀಕ್ಷೆ ಒಂದೇ: 1½ ಇಂಚು ಅಗಲದ 3 ಪಟ್ಟಿ ಜೋಡಿಸಿ, ಇಸ್ತ್ರಿ ಮಾಡಿ, ನಡುವಿನ ಪಟ್ಟಿ ಅಳೆಯಿರಿ. ಸರಿಯಾಗಿ 1 ಇಂಚು ಇರಬೇಕು. ಅರ್ಧ ಸೂತ ಕಡಿಮೆ ಬಂದರೆ ಗೈಡ್ ಸರಿಸಬೇಕಾದ್ದು ಅದರ ಅರ್ಧ ಮಾತ್ರ, ಏಕೆಂದರೆ ನಡುವಿನ ಪಟ್ಟಿ ಎರಡೂ ಕಡೆ ಹೊಲಿಗೆಗೆ ಹೋಗಿರುತ್ತದೆ. ಪೂರ್ತಿ ಅರ್ಧ ಸೂತ ಸರಿಸಿದರೆ ಆ ಕಡೆ ಹೆಚ್ಚಾಗುತ್ತದೆ.

ಕೌದಿಮನಿ, ಧಾರವಾಡ

ಗ್ರಾಫ್ ಹಾಳಿ ಮ್ಯಾಲ 8 ಬಂತ್ರಿ. ಫೂಟ್ ಸೀದಾ ಐತಿ. ಗೈಡ್ ಹಾಕತೀನಿ. ಖಣದ ತುಂಡಿನ ಅಂಚು ಎಳಿ ಬಿಟ್ಟು ಕಾಲು ಇಂಚು ಉಳಿಯೂದ ಇಲ್ಲ, ಅದಕ್ಕೇನ್ ಮಾಡೂದು? ಮೂಲ್ಯಾಗ ದಾರ ಗಂಟೂ ಆಗತೈತಿ.

ಎರಡು ಸೂತ, ಹುಬ್ಬಳ್ಳಿ

ಖಣಕ್ಕ ಕತ್ತರಿಸೂ ಮೊದಲ ಹಿಂದ ತೆಳು ಫ್ಯೂಸಿಂಗ್ (ಬಿಸಿಗೆ ಅಂಟೂ ಅರಿವಿ) ಇಸ್ತ್ರಿ ಮಾಡಿ ಅಂಟಿಸ್ರಿ, ಆಮ್ಯಾಲ ಅಳತಿಗೆ ಕತ್ತರಿಸ್ರಿ. ಮೊದಲ ಕತ್ತರಿಸಿ ಆಮ್ಯಾಲ ಅಂಟಿಸಿದ್ರ ಬಿಸಿಗೆ ತುಂಡು ಸೊಟ್ಟ ಆಗತೈತಿ. ಇಸ್ತ್ರಿ ಹದ ಚಿಂದಿ ಮ್ಯಾಲ ನೋಡಿಕೊಳ್ರಿ, ನೂಲಿನ್ಯಾಗ ಪಾಲಿಯೆಸ್ಟರ್ ಇದ್ರ ಮುರುಟತೈತಿ. ಫ್ಯೂಸಿಂಗ್ ಬ್ಯಾಡ ಅಂದ್ರ ಖಣ ಇದ್ದ ಹೊಲಿಗಿಗೆಲ್ಲಾ 3 ಸೂತ ಬಿಟ್ಟು ಲೆಕ್ಕ ಹಾಕಿ ಕತ್ತರಿಸ್ರಿ. ಕಾಟನ್ ತುಂಡಿನ ಆ ಅಂಚಿಗೂ ಅಷ್ಟ ಬಿಡಬೇಕು.

ಮೂಲಿಗೆ: ಹೊಲಿಗಿ ಶುರು ಮಾಡೂ ಮುಂದ ಚಿಂದಿ ಅರಿವಿ ಒಂದು ಇಟ್ಟು ಹೊಲಿದು, ದಾರ ಕತ್ತರಿಸದ ಅದರ ಬೆನ್ನಿಗೆ ತುಂಡು ಕೊಡ್ರಿ. ಫೂಟಿನ ಹಿಂದ ಅರಿವಿ ಇಲ್ಲಂದ್ರ ಅದು ಹಿಂದಕ್ಕ ವಾಲತೈತಿ, ಅಲ್ಲೇ ದಾರ ಗಂಟಾಗೂದು. ಹೊಲಿಗಿ ಇಂಚಿಗೆ 12 ಬೀಳಲಿ. ನಿಮ್ಮ ಪ್ಲೇಟಿಗೆ ಸಣ್ಣ ದುಂಡನ್ನ ತೂತು ಐತಿ, ಮೂಲಿ ಅದರೊಳಗ ಇಳಿಯೂದಿಲ್ಲ. ಝಿಗ್‌ಝ್ಯಾಗ್ ಮಷಿನ್ನಿನ ಅಗಲ ತೂತಿಗಿಂತ ಈ ಕೆಲಸಕ್ಕ ಇದ ಮೇಲು. ಪ್ಲೇಟ್ ಮಾತ್ರ ಬದಲಿ ಮಾಡಾಕ ಹೋಗಬ್ಯಾಡ್ರಿ.