ಗಟ್ಟಿ ಲೋಹ ಸುಮ್ನೆ ಹೇಗೆ ಮುರಿಯುತ್ತದೆ?

ಪ್ರಶ್ನೆ (ಸೋಮವಾರಪೇಟೆಯಿಂದ): ಸರ್, ನೀವು ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿದವರು, ಅದಕ್ಕೇ ಕೇಳುತ್ತಿದ್ದೇನೆ. 1977ರ ಮೇ 14ರಂದು ಜಾಂಬಿಯಾದ ಲುಸಾಕಾದಲ್ಲಿ ಇಳಿಯಲು ಬರುತ್ತಿದ್ದ ಬೋಯಿಂಗ್ 707 ಸರಕು ವಿಮಾನದ ಬಾಲದ ಬಲಗಡೆ ರೆಕ್ಕೆ ಕಳಚಿತಂತೆ. ಒಳಗಿದ್ದ 6 ಜನರೂ ಸತ್ತರು. ಯಾವುದಕ್ಕೂ ಡಿಕ್ಕಿ ಹೊಡೆಯದೆ ಹೀಗಾಗುತ್ತಾ?

ಉತ್ತರ: ಆಗುತ್ತದೆ. ನಮ್ಮ ತೋಟದಲ್ಲಿ ಕಾಳುಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ನೋಡಿ. ಒಂದು ದಿನದ ಭಾರಕ್ಕೆ ಅದು ಮುರಿಯುವುದಿಲ್ಲ. ವರ್ಷಗಟ್ಟಲೆ ಹತ್ತಿ ಇಳಿದು, ಮೆಟ್ಟಿಲು ಕೂಡುವ ಕಡೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆಮೇಲೆ ಪ್ರತಿ ಸಲ ಹತ್ತಿದಾಗಲೂ ಅದು ಚೂರು ಚೂರೇ ಬೆಳೆಯುತ್ತದೆ. ಇದನ್ನೇ ಮೆಟಲ್ ಫಟೀಗ್ ಎನ್ನುತ್ತೇವೆ, ಲೋಹದ ದಣಿವು.

ಲುಸಾಕಾದ ವಿಮಾನದಲ್ಲಿ ಬಾಲದ ರೆಕ್ಕೆಯನ್ನು ಹೊರುವ ಹಿಂದಿನ ತೊಲೆಯ ಮೇಲಂಚಿನಲ್ಲಿ, ಒಂದು ತೂತಿನ ಹತ್ತಿರ ಬಿರುಕು ಶುರುವಾಗಿತ್ತು. ಇಳಿಯುವಾಗ ಫ್ಲ್ಯಾಪ್, ಅಂದರೆ ದೊಡ್ಡ ರೆಕ್ಕೆಯ ಹಿಂದಂಚಿನಿಂದ ಕೆಳಕ್ಕೆ ಚಾಚುವ ಹಲಗೆ, ಪೂರ್ತಿ ಬಿಟ್ಟರೆ ವಿಮಾನದ ಮೂಗು ಕೆಳಗೆ ಬಾಗಲು ನೋಡುತ್ತದೆ. ಆಗ ಬಾಲ ಕೆಳಕ್ಕೆ ಒತ್ತಿ ಮೂಗನ್ನು ಎತ್ತಿ ಹಿಡಿಯಬೇಕು. ಆ ಒತ್ತಡಕ್ಕೇ ತೊಲೆ ಬಿಟ್ಟುಕೊಟ್ಟಿತು. ಪೈಲಟ್‌ಗಳ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಪ್ರಶ್ನೆ (ಅವರೇ): ಒಂದು ಭಾಗ ಮುರಿದರೆ ಇನ್ನೊಂದು ಹೊರುವ ಹಾಗೆ ಮಾಡಿರುತ್ತಾರೆ ಅಲ್ವಾ?

ಉತ್ತರ: ಮಾಡಿದ್ದರು. ನನಗೆ ಜಾಸ್ತಿ ನೋವು ಕೊಡುವುದು ಅದೇ. ಹಳೆಯ 707ರ ಬಾಲವನ್ನು ದಣಿವಿನ ಪರೀಕ್ಷೆಗೆ ಒಡ್ಡಿದ್ದರು. ಆಮೇಲೆ ಬಂದ 300 ಮಾದರಿಯಲ್ಲಿ (ಲುಸಾಕಾದ ವಿಮಾನ ಇದೇ) ಬಾಲ ದೊಡ್ಡದಾಯಿತು, ಮೇಲಿನ ಹೊದಿಕೆಗೆ ಸ್ಟೇನ್‌ಲೆಸ್ ಸ್ಟೀಲ್ ಸೇರಿತು, ಒಳಗೆ ಭಾರ ಹಂಚಿಕೆಯಾಗುವ ರೀತಿಯೇ ಬದಲಾಯಿತು. ಆದರೆ ಹೊಸದಕ್ಕೆ ಆ ಪರೀಕ್ಷೆ ಮಾಡಲಿಲ್ಲ. ಮೇಲಂಚು ಪೂರ್ತಿ ಕಿತ್ತ ಮೇಲೆ ಉಳಿದ ಭಾಗಕ್ಕೆ ಅಷ್ಟು ಭಾರ ಹೊರಲು ಆಗಲಿಲ್ಲ. ಎರಡನೇ ಆಸರೆ ಇರುವುದು, ಮೊದಲನೆಯದು ಮುರಿದದ್ದು ನಮ್ಮ ಕಣ್ಣಿಗೆ ಬೀಳುವವರೆಗೆ ಮಾತ್ರ. ಅಲ್ಲಿ ತಪಾಸಣೆಯ ಕ್ರಮವೂ ಅಂಥ ಬಿರುಕು ಹಿಡಿಯುವಂತಿರಲಿಲ್ಲ. ಅಪಘಾತದ ನಂತರ ಅದೇ ಮಾದರಿಯ 521 ವಿಮಾನ ಪರೀಕ್ಷಿಸಿದಾಗ 38ರಲ್ಲಿ ಬಿರುಕು ಸಿಕ್ಕಿತು.

ಪ್ರಶ್ನೆ (ಗೋಣಿಕೊಪ್ಪದಿಂದ): ಸರ್, ನಮ್ಮ ಏಣಿಯಲ್ಲೂ ಅಂಥದ್ದೇ ಗೆರೆ ಇದೆ. ವೆಲ್ಡಿಂಗ್ ಮಾಡಿಸಿದರೆ ಸಾಕಾ?

ಉತ್ತರ: ಬೇಡಮ್ಮಾ. ವೆಲ್ಡಿಂಗ್ ಬಿಸಿಗೆ ಪಕ್ಕದ ಅಲ್ಯೂಮಿನಿಯಂ ಮೆತ್ತಗಾಗುತ್ತದೆ. ಮುಂದಿನ ಬಿರುಕು ಅಲ್ಲೇ ಬರುತ್ತದೆ. ಇವತ್ತೇ ಎರಡು ತುಂಡು ಮಾಡಿ ಗುಜರಿಗೆ ಹಾಕಿ. ಇಡಿಯಾಗಿ ಬಿಟ್ಟರೆ ಕೊಯ್ಲಿನ ಗಡಿಬಿಡಿಯಲ್ಲಿ ಯಾರಾದರೂ ಮತ್ತೆ ಮರಕ್ಕೆ ಒರಗಿಸುತ್ತಾರೆ.