ಪದ ಬೇಕು (ಜರೂರು): ದಿನಚರಿಯ ತಾಣ ಬದಲಿಸುವಾಗ 'ಎಕ್ಸ್‌ಪೋರ್ಟ್', 'ಇಂಪೋರ್ಟ್'ಗೆ ಏನನ್ನೋಣ?

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿಯೊಳಗೆ ಬೇಕು, ದಯವಿಟ್ಟು. ನಮ್ಮೂರಿನ ಕೆಲವು ತೋಟದವರು ಸೇರಿ 2009ರಿಂದ ಅಂತರ್ಜಾಲದಲ್ಲಿ ಒಂದು ದಿನಚರಿ ಬರೆಯುತ್ತ ಬಂದಿದ್ದೇವೆ. ಮಳೆ ಎಷ್ಟು ಬಿತ್ತು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆದದ್ದು, ಅಡಿಕೆ ಕೊನೆ ಕೊಯ್ಲು ಎಂದು ಸುರು, ಇಂಥವು. ಆ ತಾಣ ತಿಂಗಳ ಕೊನೆಗೆ ಮುಚ್ಚುತ್ತದಂತೆ. ಹೊಸದರ ತಂತ್ರಾಂಶಕ್ಕೆ ಕನ್ನಡ ಮಾಡುವ ಕೆಲಸವೂ ನನ್ನ ತಲೆಗೇ ಬಂತು. 'ಎಕ್ಸ್‌ಪೋರ್ಟ್', 'ಇಂಪೋರ್ಟ್' ಎರಡು ಗುಂಡಿ (ಬರೆದದ್ದನ್ನು ಹಳೆಯದರಿಂದ ಪಡೆಯಲು ಒಂದು, ಹೊಸದಕ್ಕೆ ಹಾಕಲು ಒಂದು), ಜೊತೆಗೆ ಹಳೆ ಪುಟದ ನೆತ್ತಿಗೆ ಹಾಕಲು ಒಂದು ಸೂಚನೆ. ಸದ್ಯ 'ರಫ್ತು', 'ಆಮದು', 'ಸ್ಥಳಾಂತರಗೊಂಡಿದೆ' ಎಂದು ಬರೆದಿಟ್ಟಿದ್ದೇನೆ. ಬಳಸುವವರಲ್ಲಿ ಎಪ್ಪತ್ತು ದಾಟಿದವರೇ ಹೆಚ್ಚು. 'ರಫ್ತು' ಒತ್ತಿದರೆ ಬರೆದದ್ದೆಲ್ಲ ಹೋಗಿಬಿಡುತ್ತದೆ ಎಂದು ಒಬ್ಬರು ಮುಟ್ಟಲಿಕ್ಕೇ ಒಪ್ಪುತ್ತಿಲ್ಲ.

ಕಾರವಾರದಿಂದ:

ಅಕ್ಕೋರೇ, ರಫ್ತು-ಆಮದು ತೆಗೆಯಬೇಡಿ. ಪಾರಸಿಯಲ್ಲಿ 'ಆಮದ್' ಅಂದರೆ ಬಂದಿತು, 'ರಫ್ತ್' ಅಂದರೆ ಹೋಯಿತು. ಅಷ್ಟೇ. ಹಡಗು, ಬಂದರು, ಸುಂಕ ಎಲ್ಲ ಆಮೇಲೆ ಅಂಟಿಕೊಂಡದ್ದು. ಇದಕ್ಕಿಂತ ಚೊಕ್ಕ ಜೋಡಿ ಎಲ್ಲಿ ಹುಡುಕುತ್ತೀರಿ?

'ಸ್ಥಳಾಂತರ' ಮಾತ್ರ ಬೇಡ. ನಮ್ಮ ಕರಾವಳಿಯಲ್ಲಿ ಆ ಪದ ಕೇಳಿದರೆ ಜನಕ್ಕೆ ನೆನಪಾಗುವುದು ಸೀಬರ್ಡ್ ನೌಕಾನೆಲೆಗೆ ಬಿಟ್ಟುಕೊಟ್ಟ ಮನೆ, ಪರಿಹಾರದ ಕಡತ.

ಹೊನ್ನಾವರದಿಂದ:

ಪಾರಸಿ ಕಲಿತು ಬಂದು ಕನ್ನಡದ ಗುಂಡಿ ಒತ್ತಬೇಕೇ? 'ಹೊರತೆಗೆ', 'ಒಳತರು'. ಮುಗಿಯಿತು. ಸೂಚನೆಗೆ 'ಬಿಡಾರ ಬದಲಾಗಿದೆ' ಎನ್ನಿ. ಬಿಡಾರ 'ಬಿಡು' ಧಾತುವಿನದು, 'ಬೀಡು ಬಿಟ್ಟರು' ಅನ್ನುವಲ್ಲಿ ಇರುವುದೂ ಅದೇ. ಯಕ್ಷಗಾನ ಮೇಳ ಊರಿಗೆ ಬಂದಾಗ ಬಿಡಾರ ಎಲ್ಲಿ ಎಂದು ಕೇಳುವುದು ಘಟ್ಟದ ಮೇಲಿನವರಿಗೂ ಗೊತ್ತು. ಸುಮಾರು ಎಲ್ಲ ಹೊಸ ಕೆಲಸಕ್ಕೂ ಕನ್ನಡದ ಬೇರೇ ಸಾಕು, ಹುಡುಕುವ ತಾಳ್ಮೆ ಇದ್ದರೆ.

ಶಿರಸಿಯಿಂದ:

ಬಿಡಾರ ಚೆನ್ನಾಗಿದೆ, ಇಟ್ಟುಕೊಂಡೆ. ಆದರೆ 'ಹೊರತೆಗೆ' ಅಂದರೂ ಅದೇ ತಕರಾರು ಉಳಿಯಿತಲ್ಲ. ವಖಾರಿಯ ಅಡಿಕೆ ಚೀಲ ಲಾರಿ ಹತ್ತಿದರೆ ವಖಾರಿ ಖಾಲಿ. ಇಲ್ಲಿ ಹಾಗಲ್ಲ. ಬರಹಗಳೆಲ್ಲ ಸೇರಿದ ಒಂದು ಕಡತ ನಮ್ಮ ಕಂಪ್ಯೂಟರಿಗೆ ಇಳಿಯುತ್ತದೆ, ಮೂಲ ಇದ್ದಲ್ಲೇ ಇರುತ್ತದೆ, ಅಳಿಸುವ ತನಕ. ಲೈವ್‌ಜರ್ನಲ್ ಎಂಬ ದಿನಚರಿ ತಾಣ ಬಿಟ್ಟವರದೂ ಇದೇ ಕತೆ. 2017ರಲ್ಲಿ ಅಲ್ಲಿನ ಷರತ್ತುಗಳು ಬದಲಾದಾಗ ಬಹಳ ಜನ ಅಂಥದ್ದೇ ಇನ್ನೊಂದು ತಾಣವಾದ ಡ್ರೀಮ್‌ವಿಡ್ತ್‌ಗೆ ಹೋದರು. ಬರಹಗಳೂ ಅವುಗಳ ಕೆಳಗಿನ ಟಿಪ್ಪಣಿಗಳೂ ಹೊಸ ಕಡೆ ಮೂಡಿದವು, ಆದರೆ ಹಳೆಯ ಖಾತೆ ತಾನಾಗಿ ಖಾಲಿಯಾಗಲಿಲ್ಲ. ಏನೂ ಕಳೆಯುವುದಿಲ್ಲ ಎಂಬುದು ಪದದಲ್ಲೇ ಕಾಣಬೇಕು. ನನಗೆ ಬೇಕಾದದ್ದು ಅದು.

ಹಳಿಯಾಳದಿಂದ:

ಉತಾರ. ಹೊಲದ ಉತಾರ (ಪಹಣಿ) ತೆಗೆಸಿದರೆ ದಾಖಲೆ ಕಚೇರಿಯಲ್ಲೇ ಇರುತ್ತದೆ, ಕಾಗದ ಕೈಗೆ ಬರುತ್ತದೆ. 'ಉತಾರ ತೆಗೆಯಿರಿ' ಅಂದರೆ ನಿಮ್ಮ ಎಪ್ಪತ್ತು ದಾಟಿದವರು ಹೆದರುವುದಿಲ್ಲ.

ಹೊನ್ನಾವರದಿಂದ:

ಮರಾಠಿ. ಬೇಡ.

ಹಳಿಯಾಳದಿಂದ:

ಮಾರಾಯರೇ, ನಿಮ್ಮ ಪತ್ರದ 'ಬದಲಾಗಿದೆ' ಅರಬ್ಬಿಯಿಂದ ಬಂದದ್ದು, 'ಸುಮಾರು' ಪಾರಸಿಯಿಂದ. ಅವಕ್ಕೆ ಬಾಗಿಲು ತೆಗೆದಿಟ್ಟು ಉತಾರಕ್ಕೆ ಅಗಳಿ ಹಾಕುವುದು ಯಾವ ನ್ಯಾಯ? ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತು, 1956ರ ತನಕ ಅಲ್ಲೇ ಇತ್ತು. ಕಚೇರಿಯ ಮರಾಠಿ ನಮ್ಮ ಅಡುಗೆಮನೆಗೆ ಬಂದು ಎಷ್ಟು ತಲೆಮಾರಾಯಿತು ಲೆಕ್ಕ ಹಾಕಿ.

ಹೊನ್ನಾವರದಿಂದ:

ಬೇರು ಬಿಟ್ಟದ್ದನ್ನು ಕಿತ್ತೆಸೆಯಿರಿ ಎಂದು ನಾನು ಹೇಳಿಲ್ಲ. ಸರಿಯಾಗಿ ಓದಿ. ಹೊಸ ಕೆಲಸಕ್ಕೆ ಹೊಸ ಎರವಲು ಬೇಡ ಎಂದೆ. ಅಷ್ಟಕ್ಕೂ ಉತಾರ ಅಂದರೆ ಮರಾಠಿಯಲ್ಲಿ ಇಳಿಸಿಕೊಂಡದ್ದು ಎಂದೇ ತಾನೇ? ಕನ್ನಡದಲ್ಲಿ 'ಇಳಿಸು' ಸತ್ತುಹೋಗಿದೆಯೇ?

ಕಾರವಾರದಿಂದ:

ಹಾಗಾದರೆ 'ನಕಲು' ನೋಡಿ. ಅರಬ್ಬಿಯ 'ನಕ್ಲ್'ಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂಬ ಅರ್ಥವೂ ಉಂಟು, ಪ್ರತಿ ಮಾಡುವುದು ಎಂಬುದೂ ಉಂಟು. ಅಕ್ಕೋರಿಗೆ ಬೇಕಾದ ಎರಡೂ ಒಂದೇ ಪದದಲ್ಲಿ! ಪರೀಕ್ಷೆಯ ಕೊಠಡಿ ಅದರ ಮಾನ ಕಳೆಯಿತು, ಪದದ ತಪ್ಪಲ್ಲ.

ಹೊನ್ನಾವರದಿಂದ:

ಮಾಸ್ತರೇ, ಆಮದು ಆಯಿತು, ರಫ್ತು ಆಯಿತು, ಈಗ ನಕಲು. ಇನ್ನೆಷ್ಟು ಹಡಗು ಬರುವುದಿದೆ?

ಯಲ್ಲಾಪುರದಿಂದ:

ಪದ ಯಾವುದೇ ಆಗಲಿ, ಹಳೆಯ ಬರಹಗಳಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆ ಅಕ್ಷರಶೈಲಿಯವು ಇದ್ದರೆ ಅವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಹೊಸ ತಾಣದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹಳೆಯ ಕೊಂಡಿಯನ್ನು ಹೊಸದಕ್ಕೆ ತಿರುಗಿಸುವ ಅವಕಾಶ ಅವರು ಕೊಟ್ಟರೆ 301 ಎಂಬ ಸಂಕೇತ ಹಾಕಿ, 302 ಅಲ್ಲ. ಮೊದಲನೆಯದು ಕಾಯಂ, ಎರಡನೆಯದು ತಾತ್ಕಾಲಿಕ.

ಹೊನ್ನಾವರದಿಂದ:

ಇದು ಪದಚರ್ಚೆ.

ಶಿರಸಿಯಿಂದ:

ಯಲ್ಲಾಪುರದವರಿಗೆ ದೊಡ್ಡ ನಮಸ್ಕಾರ. ಮೊದಲ ವರ್ಷದ ಬರಹವೆಲ್ಲ ನುಡಿಯಲ್ಲೇ ಇದೆ, ಈ ಮಾತು ಬರದಿದ್ದರೆ ಹಾಗೇ ಸಾಗಿಸಿಬಿಡುತ್ತಿದ್ದೆ.

ಗುಂಡಿಗಳಿಗೆ 'ಪ್ರತಿ ತೆಗೆಯಿರಿ', 'ಪ್ರತಿ ಸೇರಿಸಿ' ಎಂದು ಹಾಕಿದೆ. 'ಪ್ರತಿ' ಸಂಸ್ಕೃತ, ಗೊತ್ತು. ಉತಾರದ ಮೇಲೇ ಮನಸ್ಸಿತ್ತು, ಆದರೆ ಈ ತಂತ್ರಾಂಶವನ್ನು ಮೈಸೂರು ಸೀಮೆಯವರೂ ಬಳಸುತ್ತಾರೆ. ರಫ್ತಿಗೆ ಹೆದರಿದ್ದವರಿಗೆ ಫೋನಿನಲ್ಲಿ ಓದಿ ಹೇಳಿದೆ. "ಪ್ರತಿಯಾದರೆ ತೆಗಿ" ಅಂದರು. ಸೂಚನೆ ಹೀಗಿದೆ: 'ನಮ್ಮ ದಿನಚರಿಯ ಬಿಡಾರ ಈಗ ಹೊಸ ಜಾಗದಲ್ಲಿ. 2009ರಿಂದ ಬರೆದದ್ದೆಲ್ಲವೂ ಅಲ್ಲಿ ಸಿಗುತ್ತದೆ.'

ಹೊನ್ನಾವರದಿಂದ:

ಬಿಡಾರದ ಪಕ್ಕದಲ್ಲಿ 'ಜಾಗ' ಯಾಕೆ ಬಂತು? 'ಎಡೆ' ಅನ್ನಬಹುದಿತ್ತು.

ಕಾರವಾರದಿಂದ:

ಹೊಸ ಎಡೆ ಎಂದರೆ ಜನ ನೈವೇದ್ಯ ಎಲ್ಲಿ ಎಂದು ಕೇಳುತ್ತಾರೆ. ಅಕ್ಕೋರೇ, ಜಾಗ ಇರಲಿ. ಅಂದಹಾಗೆ ಅದೂ ಪಾರಸಿಯೇ.